ಕುಟುಂಬ ವೈದ್ಯರು: ರಾಯಚೂರು ಜಿಲ್ಲೆಯ ಅಗತ್ಯ ಮತ್ತು ಹಣಕಾಸಿನ ಪ್ರಶ್ನೆ

ಹಸುಗೂಸಿನಿಂದ ಹಿಡಿದು ಹಣ್ಣು ಮುದುಕರ ತನಕ ಮನೆಮಂದಿಗೆಲ್ಲ ಮೊದಲ ಚಿಕಿತ್ಸೆ ಕೊಡುವ, ವರ್ಷಾನುಗಟ್ಟಲೆ ಅದೇ ಮನೆಯವರನ್ನು ನೋಡುತ್ತ ಬರುವ, ಕೈಮೀರಿದ್ದನ್ನು ಸರಿಯಾದ ಆಸ್ಪತ್ರೆಗೆ ಕಳಿಸಿ ಮರಳಿದ ಮೇಲೂ ವಿಚಾರಿಸಿಕೊಳ್ಳುವ ವೈದ್ಯರೇ ಕುಟುಂಬ ವೈದ್ಯರು. ಅಮೆರಿಕದ ವೈದ್ಯೆ ಬಾರ್ಬರಾ ಸ್ಟಾರ್‌ಫೀಲ್ಡ್ ಪ್ರಾಥಮಿಕ ಚಿಕಿತ್ಸೆಗೆ ನಾಲ್ಕು ಲಕ್ಷಣಗಳನ್ನು ಗುರುತಿಸಿದ್ದರು: ಮೊದಲು ಹೋಗುವ ಜಾಗ ಅದೇ ಆಗಿರಬೇಕು, ಸಂಬಂಧ ಮುಂದುವರಿಯಬೇಕು, ಎಲ್ಲ ಬಗೆಯ ಸಾಮಾನ್ಯ ಕಾಯಿಲೆಗಳಿಗೂ ಅಲ್ಲಿ ಆರೈಕೆ ಸಿಗಬೇಕು, ಬೇರೆಡೆ ನಡೆಯುವ ಚಿಕಿತ್ಸೆಯ ಎಳೆಗಳೂ ಅಲ್ಲಿ ಕೂಡಬೇಕು. ಇವುಗಳಲ್ಲಿ ಎರಡನೆಯದು ದುಡ್ಡು ಕೊಟ್ಟು ಒಂದೇ ದಿನದಲ್ಲಿ ಕೊಳ್ಳಲಾಗದ್ದು. ಕಟ್ಟಡ, ಯಂತ್ರ, ಔಷಧಿ ಒಂದು ಟೆಂಡರಿನಲ್ಲಿ ಬರುತ್ತವೆ. ಒಂದು ಮನೆತನದ ಆರೋಗ್ಯದ ಪರಿಚಯಕ್ಕೆ ಹತ್ತಾರು ವರ್ಷ ಬೇಕು.

ಕೆಲಸದ ಸ್ವರೂಪ

ಮಾನ್ವಿ ತಾಲ್ಲೂಕಿನಲ್ಲಿ ಹತ್ತಿ ಬಿಡಿಸುವ ನಲವತ್ತೈದರ ಹೆಣ್ಣುಮಗಳೊಬ್ಬಳು ತಲೆನೋವೆಂದು ಬಂದಳು ಎಂದಿಟ್ಟುಕೊಳ್ಳೋಣ. ಮೊದಲ ಸಲ ನೋಡುವ ವೈದ್ಯರಿಗೆ ಅದು ಬರೀ ತಲೆನೋವು. ಗುಳಿಗೆ ಬರೆದುಕೊಟ್ಟರೆ ಮುಗಿಯಿತು. ಆ ಮನೆಯನ್ನು ಬಲ್ಲ ವೈದ್ಯರಿಗೆ ಆಕೆಯ ತಾಯಿಗೆ ಲಕ್ವ ಹೊಡೆದದ್ದು ಗೊತ್ತಿರುತ್ತದೆ, ಹಾಗಾಗಿ ಮೊದಲು ಬಿಪಿ ನೋಡುತ್ತಾರೆ. ಹೊಲಕ್ಕೆ ಎಣ್ಣೆ ಹೊಡೆಯುವ ಹಂಗಾಮು ನಡೆದಿದೆಯೇ ಎಂದು ಕೇಳುತ್ತಾರೆ; ಕೀಟನಾಶಕದ ಸೋಂಕಿದ್ದರೆ ಕಣ್ಣಪಾಪೆ, ಬೆವರು, ವಾಂತಿ ಸುಳಿವು ಕೊಡುತ್ತವೆ. ಕಣ್ಣರೆಪ್ಪೆ ಎಳೆದು ರಕ್ತಹೀನತೆ ಇದೆಯೇ ಎಂದು ನೋಡುತ್ತಾರೆ. ಗಂಡ ಗುಳೆ ಹೋಗಿ ಆರು ತಿಂಗಳಾಗಿದ್ದರೆ ಮನೆಯ ನಡೆ ಹೇಗೆ ಸಾಗಿದೆ ಎಂದೂ ಕೇಳುತ್ತಾರೆ. ಹದಿನೈದು ದಿನ ಬಿಟ್ಟು ಬರಲು ಹೇಳಿ, ಬಾರದಿದ್ದರೆ ಆಶಾ ಕಾರ್ಯಕರ್ತೆಯ ಮೂಲಕ ಹೇಳಿ ಕಳಿಸುತ್ತಾರೆ. ಇಷ್ಟಕ್ಕೆ ಬೇಕಾದದ್ದು ಬಿಪಿ ಯಂತ್ರ, ಹತ್ತು ನಿಮಿಷ ಮತ್ತು ಹಳೆಯ ಪರಿಚಯ.

ಕುಟುಂಬ ವೈದ್ಯರ ಇನ್ನೊಂದು ಕೆಲಸ ಅನಗತ್ಯವಾದುದನ್ನು ತಡೆಯುವುದು. ಬೇಡದ ಸ್ಕ್ಯಾನ್, ಬೇಡದ ಸಲೈನ್, ಎಳೆವಯಸ್ಸಿನಲ್ಲೇ ಗರ್ಭಕೋಶ ತೆಗೆಸುವ ಆತುರ, ನೆಗಡಿಗೂ ಆಂಟಿಬಯೋಟಿಕ್: ಇವನ್ನು ಬೇಡವೆಂದು ಹೇಳಲು ರೋಗಿಯ ನಂಬಿಕೆ ಬೇಕು. ನಂಬಿಕೆ ಗಳಿಸಿದ ವೈದ್ಯರು ಮಾತ್ರ ಔಷಧಿ ಬರೆಯದೆ ರೋಗಿಯನ್ನು ಸಮಾಧಾನದಿಂದ ಮನೆಗೆ ಕಳಿಸಬಲ್ಲರು. ಮೂರನೆಯದು ಊರಿನ ಮೇಲಿನ ನಿಗಾ. 2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಹಲವರು ಸತ್ತರು. ಇಂಥ ಸಂದರ್ಭದಲ್ಲಿ ಒಂದೇ ಓಣಿಯಿಂದ ಎರಡನೆಯ, ಮೂರನೆಯ ವಾಂತಿಭೇದಿ ಬಂದಾಗಲೇ ನಲ್ಲಿ ನೀರಿನ ಮೇಲೆ ಅನುಮಾನ ಪಡುವವರು ಆ ಓಣಿಯನ್ನು ಬಲ್ಲ ವೈದ್ಯರು.

ನಡೆದು ಬಂದ ದಾರಿ

ಭಾರತದಲ್ಲಿ ಈ ಆಲೋಚನೆ ಹೊಸತಲ್ಲ. ಮೈಸೂರು ಸಂಸ್ಥಾನ 1930ರ ದಶಕದಲ್ಲೇ ರಾಕ್‌ಫೆಲ್ಲರ್ ಫೌಂಡೇಶನ್ ನೆರವಿನಿಂದ ಕ್ಲೋಸ್‌ಪೇಟೆಯಲ್ಲಿ, ಅಂದರೆ ಇಂದಿನ ರಾಮನಗರದಲ್ಲಿ, ಆರೋಗ್ಯ ಘಟಕವನ್ನು ನಡೆಸಿತ್ತು. 1943ರಲ್ಲಿ ನೇಮಕವಾಗಿ 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿ, ಚಿಕಿತ್ಸೆ ಮತ್ತು ರೋಗತಡೆ ಎರಡನ್ನೂ ಒಂದೇ ಕಡೆ ಕೊಡುವ ಪ್ರಾಥಮಿಕ ಕೇಂದ್ರಗಳ ಜಾಲವನ್ನು ಸೂಚಿಸಿತು. ಹಳ್ಳಿಗಳಲ್ಲಿ ಹೆಚ್ಚಾಗಿ ಕೆಲಸ ಮಾಡುತ್ತಿದ್ದ ಎಲ್‌ಎಂಪಿ ವೈದ್ಯರ ಅಲ್ಪಾವಧಿ ಶಿಕ್ಷಣವನ್ನು ನಿಲ್ಲಿಸಿ ಎಂಬಿಬಿಎಸ್ ಒಂದನ್ನೇ ಉಳಿಸಬೇಕೆಂದದ್ದೂ ಅದೇ ಸಮಿತಿ. ಶಿಕ್ಷಣದ ಮಟ್ಟ ಏರಿತು. ಏರಿದ ಮಟ್ಟದ ವೈದ್ಯರು ಪಟ್ಟಣ ಬಿಟ್ಟು ಕದಲಲಿಲ್ಲ.

ರಾಯಚೂರು ಜಿಲ್ಲೆ 1948ರವರೆಗೆ ನಿಜಾಮರ ಹೈದರಾಬಾದಿನಲ್ಲಿದ್ದು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ದಕ್ಷಿಣದ ಜಿಲ್ಲೆಗಳಿಗೆ ಹೋಲಿಸಿದರೆ ದವಾಖಾನೆಗಳೂ ಶಾಲೆಗಳೂ ಇಲ್ಲಿ ತಡವಾಗಿ ಬಂದವು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ ದೇವದುರ್ಗವೂ ಒಂದು. ಅದಕ್ಕೆ ಒಂದು ವರ್ಷ ಮೊದಲು, 2001ರಲ್ಲಿ, ಡಾ. ಎಚ್. ಸುದರ್ಶನ್ ಅಧ್ಯಕ್ಷತೆಯ ಆರೋಗ್ಯ ಕಾರ್ಯಪಡೆ ರಾಜ್ಯ ಸರ್ಕಾರಕ್ಕೆ ವರದಿ ಸಲ್ಲಿಸಿ, ಪ್ರಾದೇಶಿಕ ಅಸಮಾನತೆ ಮತ್ತು ಪ್ರಾಥಮಿಕ ಆರೋಗ್ಯದ ಕಡೆಗಣನೆಯ ಮೇಲೆ ಬೊಟ್ಟು ಮಾಡಿತ್ತು. 2005ರಲ್ಲಿ ಬಂದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆಶಾ ಕಾರ್ಯಕರ್ತೆಯರನ್ನು ಮನೆಬಾಗಿಲಿಗೆ ತಂದಿತು. 2008ರ ನವೆಂಬರ್‌ನಲ್ಲಿ 108 ಆಂಬುಲೆನ್ಸ್ ಬಂದಿತು. ಹೆರಿಗೆಗಳು ಮನೆಯಿಂದ ಆಸ್ಪತ್ರೆಗೆ ಬಂದವು. ಒಂದೇ ಕಡೆ ನೆಲೆ ನಿಲ್ಲುವ ವೈದ್ಯರ ಪ್ರಶ್ನೆ ಮಾತ್ರ ಹಾಗೇ ಉಳಿಯಿತು.

ಜಿಲ್ಲೆಯ ಇಂದಿನ ಚಿತ್ರ

2011ರ ಜನಗಣತಿಯ ಪ್ರಕಾರ ಜಿಲ್ಲೆಯ ಜನಸಂಖ್ಯೆ 19,28,812. ದೊಡ್ಡ ಆಸ್ಪತ್ರೆಗಳ ಮಟ್ಟಿಗೆ ರಾಯಚೂರು ನಗರ ಬರಿಗೈಯಲ್ಲಿ ಇಲ್ಲ. 2007ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜು ರಿಮ್ಸ್, ಖಾಸಗಿಯ ನವೋದಯ ವೈದ್ಯಕೀಯ ಕಾಲೇಜು, ಜನ ‘ಒಪೆಕ್’ ಎಂದೇ ಕರೆಯುವ ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಇಲ್ಲಿವೆ. ಒಪೆಕ್ ನಿಧಿಯ ನೆರವಿನಿಂದ ಕಟ್ಟಿದ ಈ ಆಸ್ಪತ್ರೆಯನ್ನು 2002ರಿಂದ 2012ರವರೆಗೆ ಒಪ್ಪಂದದ ಮೇಲೆ ಅಪೊಲೊ ಸಂಸ್ಥೆ ನಡೆಸಿತು. ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ನಗರದಲ್ಲಿ ಆರಂಭವಾದ ಧರಣಿ ಸಾವಿರ ದಿನ ದಾಟಿದೆ. ಹಿಂದುಳಿದ ಸೀಮೆಯ ಜನರ ಆ ಬೇಡಿಕೆ ನ್ಯಾಯವಾದದ್ದೇ. ಆದರೆ ಏಮ್ಸ್ ಬಂದರೂ ದೇವದುರ್ಗದ ತಾಂಡಾದ ಮುದುಕಿಯ ಬಿಪಿ ನೋಡಲು ಅಲ್ಲಿಂದ ಯಾರೂ ಬರುವುದಿಲ್ಲ.

ಶಕ್ತಿನಗರದ ಚಿತ್ರ ಬೇರೆ. ಕೃಷ್ಣಾ ದಂಡೆಯ ಈ ಊರಿನಲ್ಲಿ ಕರ್ನಾಟಕ ವಿದ್ಯುತ್ ನಿಗಮದ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ 1985ರಲ್ಲಿ ಶುರುವಾಯಿತು. ಇಂದು ಎಂಟು ಘಟಕಗಳು, 1,720 ಮೆಗಾವಾಟ್ ಸಾಮರ್ಥ್ಯ. ನೌಕರರ ಕಾಲೋನಿಗೆ ನಿಗಮದ್ದೇ ಆಸ್ಪತ್ರೆಯಿದೆ. ಹಟ್ಟಿ ಚಿನ್ನದ ಗಣಿಯಲ್ಲೂ ಹೀಗೆಯೇ ಕಂಪನಿ ಆಸ್ಪತ್ರೆ ಬೆಳೆದಿತ್ತು. ಕಾಯಂ ನೌಕರರ ಕುಟುಂಬಕ್ಕೆ ಕಾಲೋನಿಯೊಳಗೇ ಡಾಕ್ಟರು, ಒಂದೇ ಕಡೆ ಕೂಡುವ ದಾಖಲೆ, ನೋಡಿಸಿಕೊಳ್ಳುವಾಗ ಜೇಬಿಗೆ ಕೈ ಹಾಕಬೇಕಿಲ್ಲದ ಏರ್ಪಾಡು: ಇದು ಹೆಸರು ಹೇಳದೆ ನಡೆಯುವ ಕುಟುಂಬ ವೈದ್ಯ ಪದ್ಧತಿ. ಇದು ಸಾಧ್ಯವಾದದ್ದು ಮೊದಲೇ ಹಣ ಕೊಡುವವರೊಬ್ಬರು ಇದ್ದುದರಿಂದ. ಕಾಂಪೌಂಡಿನ ಆಚೆಗಿರುವ ದೇವಸೂಗೂರಿನ ಕೂಲಿಕಾರನಿಗೆ, ಬೂದಿ ಲಾರಿಯ ಕ್ಲೀನರ್‌ಗೆ ಅಂಥ ಪಾವತಿದಾರರಿಲ್ಲ.

ಮಾನ್ವಿ, ದೇವದುರ್ಗಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ, ಸುತ್ತ ಪ್ರಾಥಮಿಕ ಆರೋಗ್ಯ ಕೇಂದ್ರಗಳಿವೆ. ಬಯಲುಸೀಮೆಯಲ್ಲಿ 30,000 ಜನರಿಗೆ ಒಂದು ಕೇಂದ್ರ ಎಂಬುದು ನಿಯಮ. ಅಲ್ಲಿನ ಒಬ್ಬ ವೈದ್ಯಾಧಿಕಾರಿಯ ವಾರ ಹೀಗೆ ಸಾಗುತ್ತದೆ: ಬೆಳಿಗ್ಗೆ ಹೊರರೋಗಿಗಳ ಸಾಲು, ಗುರುವಾರ ಲಸಿಕೆ, ತಿಂಗಳ 9ರಂದು ಗರ್ಭಿಣಿಯರ ತಪಾಸಣೆ, ನಡುನಡುವೆ ತಾಲ್ಲೂಕಿನ ಪರಿಶೀಲನಾ ಸಭೆ, ಸಂಜೆ ಆನ್‌ಲೈನ್ ವರದಿ. 30,000 ಜನರ ಮುಖ ಪರಿಚಯ ಒಬ್ಬರಿಂದ ಆಗುವ ಕೆಲಸವಲ್ಲ. ಅಷ್ಟರಲ್ಲಿ ಗುತ್ತಿಗೆ ಮುಗಿಯುತ್ತದೆ, ಇಲ್ಲವೇ ಪಿಜಿ ಸೀಟು ಸಿಗುತ್ತದೆ, ಇಲ್ಲವೇ ವರ್ಗವಾಗುತ್ತದೆ. 2012ರ ಕಡ್ಡಾಯ ಗ್ರಾಮೀಣ ಸೇವೆ ಕಾಯ್ದೆಯ ಅವಧಿಯೂ ಒಂದೇ ವರ್ಷ. ಅದರಿಂದ ಖಾಲಿ ಕುರ್ಚಿ ತುಂಬುತ್ತದೆ. ಜನ ಡಾಕ್ಟರ ಹೆಸರು ಕಲಿಯುವಷ್ಟರಲ್ಲಿ ಕುರ್ಚಿಗೆ ಹೊಸಬರು ಬಂದಿರುತ್ತಾರೆ.

ಖಾಲಿ ಜಾಗ ತುಂಬಿದವರು

ಈ ಜಾಗವನ್ನು ತುಂಬಿದವರು ಊರ ಮಂದಿ ಆರ್‌ಎಂಪಿ ಎಂದು ಕರೆಯುವ, ವೈದ್ಯಕೀಯ ಪದವಿಯಿಲ್ಲದ ಚಿಕಿತ್ಸಕರು. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯಿಲ್ಲದೆ ಚಿಕಿತ್ಸೆ ಕೊಡುವುದು ಅಪರಾಧ. ಆಗಾಗ ದಾಳಿಗಳೂ ನಡೆಯುತ್ತವೆ. ಶಟರ್ ಮುಚ್ಚಿದ ಅಂಗಡಿ ಸ್ವಲ್ಪ ದಿನಕ್ಕೆ ಮತ್ತೆ ತೆರೆಯುತ್ತದೆ. ಕಾರಣ ಸರಳ. ಆತ ರಾತ್ರಿ ಹನ್ನೊಂದಕ್ಕೂ ಸಿಗುತ್ತಾನೆ, ಬೈಕಿನ ಮೇಲೆ ಮನೆಗೇ ಬರುತ್ತಾನೆ, ಮನೆಯ ಮೂರು ತಲೆಮಾರನ್ನು ಬಲ್ಲ, ಸುಗ್ಗಿಯ ತನಕ ಉದ್ರಿ ಇಡುತ್ತಾನೆ. ಹತ್ತಿರವಿರುವುದು, ಪರಿಚಯ, ಕೈಗೆಟಕುವ ಪಾವತಿ: ಕುಟುಂಬ ವೈದ್ಯರಿಗೆ ಇರಬೇಕಾದ ಮೂರು ಗುಣ ಆತನಲ್ಲಿವೆ. ಇಲ್ಲದ್ದು ವೈದ್ಯಕೀಯ ತಿಳಿವಳಿಕೆ, ಮತ್ತು ಆ ಕೊರತೆಯ ಬೆಲೆ ದೊಡ್ಡದು. ಮಂಡಿನೋವಿಗೆ ತಿಂಗಳುಗಟ್ಟಲೆ ನೋವುನಿವಾರಕ ಸೂಜಿ ಮಾಡಿಸಿಕೊಂಡವರ ಕಿಡ್ನಿ ಕೆಡುತ್ತದೆ. ಸ್ಟೀರಾಯ್ಡ್‌ನಿಂದ ಶುಗರ್ ಏರುತ್ತದೆ. ಹಾವು ಕಚ್ಚಿದವರಿಗೆ ಸಲೈನ್ ಹಚ್ಚಿ ಕೂಡಿಸಿದರೆ ಪ್ರತಿವಿಷ ಕೊಡುವ ಹೊತ್ತು ಮೀರುತ್ತದೆ. ಜನರಿಗೆ ಬುದ್ಧಿ ಹೇಳಿದ ಮಾತ್ರಕ್ಕೆ ಇದು ನಿಲ್ಲದು. ಅವರು ಹುಡುಕುತ್ತಿರುವುದು ಕಾಯಂ ಆಗಿ ಸಿಗುವ ವೈದ್ಯರನ್ನೇ; ವಿದ್ಯಾವಂತರಲ್ಲಿ ಅದು ಸಿಗದಿದ್ದಾಗ ಅವಿದ್ಯಾವಂತರಲ್ಲಿ ಪಡೆಯುತ್ತಾರೆ.

ಪುರಾವೆಗಳು

ಒಬ್ಬರೇ ವೈದ್ಯರ ಬಳಿ ಹೋಗುವುದರಿಂದ ಆಯುಷ್ಯ ಹೆಚ್ಚುತ್ತದೆಯೇ ಎಂಬ ಪ್ರಶ್ನೆಗೆ ಈಗ ಸಾಕಷ್ಟು ಪುರಾವೆಯಿದೆ. 2018ರಲ್ಲಿ ಬ್ರಿಟನ್ನಿನ ಡೆನಿಸ್ ಪೆರೇರಾ ಗ್ರೇ ಮತ್ತು ಸಂಗಡಿಗರು 22 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, 18ರಲ್ಲಿ ಅದೇ ವೈದ್ಯರನ್ನು ಕಾಣುತ್ತಿದ್ದವರ ಸಾವಿನ ಪ್ರಮಾಣ ಕಡಿಮೆ ಇತ್ತು. ನಾರ್ವೆಯಲ್ಲಿ 2001ರಿಂದ ಪ್ರತಿಯೊಬ್ಬರೂ ಒಬ್ಬ ವೈದ್ಯರ ಪಟ್ಟಿಯಲ್ಲಿ ಹೆಸರು ಬರೆಸಿಕೊಳ್ಳುವ ಪದ್ಧತಿಯಿದೆ. ಅಲ್ಲಿನ 2022ರ ಅಧ್ಯಯನವೊಂದು, ಒಂದೇ ವೈದ್ಯರ ಜೊತೆ 15 ವರ್ಷಕ್ಕೂ ಮಿಕ್ಕಿ ಇದ್ದವರನ್ನು ಒಂದು ವರ್ಷ ಮಾತ್ರ ಇದ್ದವರ ಜೊತೆ ಹೋಲಿಸಿತು. ಹಳಬರಲ್ಲಿ ಆಸ್ಪತ್ರೆ ಸೇರುವುದೂ ಸಾವೂ ಕಾಲುಭಾಗದಷ್ಟು ಕಡಿಮೆ ಕಂಡವು. ಇಂಥ ಅಧ್ಯಯನಗಳು ಕಾರಣವನ್ನು ಸಂಪೂರ್ಣ ಸಾಬೀತು ಮಾಡುವುದಿಲ್ಲ. ಗಟ್ಟಿ ಬದುಕಿನವರೇ ಒಂದೆಡೆ ನೆಲೆ ನಿಂತಿರಬಹುದು. ಆದರೂ ಬೇರೆ ಬೇರೆ ದೇಶಗಳಲ್ಲಿ ಫಲಿತಾಂಶ ಒಂದೇ ದಿಕ್ಕಿಗೆ ಬೆರಳು ತೋರುತ್ತದೆ.

ವೇಲ್ಸ್‌ನ ಗಣಿ ಹಳ್ಳಿಯಲ್ಲಿ ದಶಕಗಳ ಕಾಲ ಕೆಲಸ ಮಾಡಿದ ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ಇನ್ನೊಂದು ಮಾತು ಹೇಳಿದರು: ಒಳ್ಳೆಯ ವೈದ್ಯಸೇವೆ ಎಲ್ಲಿ ಅಗತ್ಯ ಹೆಚ್ಚೋ ಅಲ್ಲಿ ಕಡಿಮೆ ಸಿಗುತ್ತದೆ, ಮಾರುಕಟ್ಟೆಗೆ ಬಿಟ್ಟಷ್ಟೂ ಈ ತಿರುವುಮುರುವು ಹೆಚ್ಚುತ್ತದೆ. ರಾಯಚೂರು ನಗರದ ಆಸ್ಪತ್ರೆ ರಸ್ತೆಗಳನ್ನೂ ದೇವದುರ್ಗದ ಒಳಹಳ್ಳಿಗಳನ್ನೂ ಒಂದೇ ದಿನ ನೋಡಿ ಬಂದವರಿಗೆ ಈ ಮಾತಿಗೆ ವಿವರಣೆ ಬೇಕಿಲ್ಲ.

ಹಣ ಎಲ್ಲಿಗೆ ಹರಿಯುತ್ತದೆ

2017ರ ರಾಷ್ಟ್ರೀಯ ಆರೋಗ್ಯ ನೀತಿ ಆರೋಗ್ಯದ ಹಣದಲ್ಲಿ ಮೂರನೇ ಎರಡು ಪಾಲು ಅಥವಾ ಅದಕ್ಕಿಂತ ಹೆಚ್ಚು ಪ್ರಾಥಮಿಕ ಹಂತಕ್ಕೆ ಹೋಗಬೇಕೆಂದಿತು. 2025ರ ಹೊತ್ತಿಗೆ ಸರ್ಕಾರಗಳ ಒಟ್ಟು ಆರೋಗ್ಯ ವೆಚ್ಚ ದೇಶದ ಉತ್ಪನ್ನದ ಶೇ 2.5ಕ್ಕೆ ಏರಬೇಕೆಂದೂ ಹೇಳಿತು. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ 2021-22ರಲ್ಲಿ ಆ ವೆಚ್ಚ ಶೇ 1.84. ಪ್ರಾಥಮಿಕ ಹಂತದ ಪಾಲು 2019-20ರಲ್ಲಿ ಶೇ 55.9. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಸ್ವಂತ ಜೇಬಿನಿಂದ ಭರಿಸಿದ ಪಾಲು 2021-22ರಲ್ಲಿ ಶೇ 39.4. ಜೇಬಿನ ಈ ಹಣದಲ್ಲಿ ದೊಡ್ಡ ಭಾಗ ಹೋಗುವುದು ಔಷಧಿ ಮತ್ತು ಹೊರರೋಗಿ ಚಿಕಿತ್ಸೆಗೆ.

ರಾಜ್ಯದ ವಿಮೆ ಯೋಜನೆಗಳು ಹುಟ್ಟಿದ್ದೇ ಆಸ್ಪತ್ರೆ ಸೇರುವವರಿಗಾಗಿ. ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಮೊದಲು ಆರಂಭವಾದದ್ದು ರಾಯಚೂರು ಸೇರಿದ ಗುಲ್ಬರ್ಗ ವಿಭಾಗದಲ್ಲೇ. ಹೃದಯ, ಕ್ಯಾನ್ಸರ್, ಕಿಡ್ನಿಯಂಥ ದುಬಾರಿ ಚಿಕಿತ್ಸೆಗಳನ್ನು ಅದು ಬಡವರಿಗೆ ಉಚಿತವಾಗಿಸಿತು. ಆ ಕಾಯಿಲೆಗಳ ಸಾವು ಕಡಿಮೆಯಾದದ್ದನ್ನು 2014ರಲ್ಲಿ ಪ್ರಕಟವಾದ ಅಧ್ಯಯನ ದಾಖಲಿಸಿತು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಕೊಡುತ್ತದೆ. ತುರ್ತು ಸಂದರ್ಭ ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಚೀಟಿ ಕೊಡುವವರು ರೋಗಿಯನ್ನು ಬಲ್ಲವರಾಗಿದ್ದರೆ ಅದು ವೈದ್ಯಕೀಯ ಸಲಹೆ. ಇಲ್ಲದಿದ್ದರೆ ಬರೀ ಮೊಹರು.

ಇಲ್ಲೇ ಒಂದು ವೈಪರೀತ್ಯವಿದೆ. ಶುಗರು, ಬಿಪಿ ಹಿಡಿತ ತಪ್ಪಿ ಕಿಡ್ನಿ ಕೆಟ್ಟವರಿಗೆ ಡಯಾಲಿಸಿಸ್ ಮಾಡಲು ಹಣವಿದೆ, ಯಂತ್ರವಿದೆ, ಪ್ಯಾಕೇಜ್ ದರವಿದೆ. ಅದೇ ರೋಗಿಯನ್ನು ಹತ್ತು ವರ್ಷ ಗುಳಿಗೆ ತಪ್ಪದಂತೆ ನೋಡಿಕೊಂಡು ಕಿಡ್ನಿ ಉಳಿಸಿದ ವೈದ್ಯರಿಗೆ ಯಾವ ಪ್ಯಾಕೇಜೂ ಇಲ್ಲ. ನಡೆಯದೇ ಹೋದ ಕಾಯಿಲೆಗೆ ಬಿಲ್ ಮಾಡಲು ಬರುವುದಿಲ್ಲ. ಮಾನ್ವಿ ರೈತರಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ಪಾಡು ಗೊತ್ತಿದ್ದದ್ದೇ: ಮೇಲ್ಭಾಗದವರು ಭತ್ತಕ್ಕೆ ನೀರು ಎಳೆದುಕೊಂಡ ಮೇಲೆ ಕೊನೆಭಾಗಕ್ಕೆ ಬರುವುದು ಕಾಲುವೆಯ ಹೆಸರು ಮಾತ್ರ. ಆರೋಗ್ಯದ ಹಣದ ಹರಿವೂ ಇದೇ ಬಗೆಯದು.

ಹಣ ಕೊಡುವ ಬಗೆಗಳು

ವೈದ್ಯರಿಗೆ ಹಣ ಕೊಡುವ ಮುಖ್ಯ ಬಗೆಗಳು ಮೂರು. ನೋಡಿದ ರೋಗಿಗೆ ಇಷ್ಟು ಎಂದು ಕೊಟ್ಟರೆ ಚಟುವಟಿಕೆ ಹೆಚ್ಚುತ್ತದೆ, ಜೊತೆಗೆ ಬೇಡದ ಸೂಜಿ, ಪರೀಕ್ಷೆಗಳೂ ಹೆಚ್ಚುತ್ತವೆ. ತಿಂಗಳ ಸಂಬಳ ಕೊಟ್ಟರೆ ಬೇಡದ್ದು ನಿಲ್ಲುತ್ತದೆ, ಆದರೆ ರೋಗಿ ಬಂದರೂ ಬಾರದಿದ್ದರೂ ವ್ಯತ್ಯಾಸವಿಲ್ಲ. ಮೂರನೆಯದು ಹೆಸರು ಬರೆಸಿದ ಪ್ರತಿ ತಲೆಗೆ ವರ್ಷಕ್ಕೆ ಇಷ್ಟು ಎಂಬ ಲೆಕ್ಕ. ಇದರಲ್ಲಿ ಜನ ಆರೋಗ್ಯವಾಗಿದ್ದಷ್ಟೂ ವೈದ್ಯರ ಹೊರೆ ಇಳಿಯುತ್ತದೆ. ರೋಗಿಯನ್ನು ಕಡೆಗಣಿಸುವ, ಸುಮ್ಮನೆ ಮೇಲಿನ ಆಸ್ಪತ್ರೆಗೆ ಸಾಗಹಾಕುವ ಆಮಿಷವೂ ಇದೆ. 1948ರ ಬ್ರಿಟನ್ನಿನ ಎನ್‌ಎಚ್‌ಎಸ್ ತಲೆಲೆಕ್ಕವನ್ನು ನೆಚ್ಚಿತು. ನಾರ್ವೆ ತಲೆಲೆಕ್ಕ ಮತ್ತು ಶುಲ್ಕ ಎರಡನ್ನೂ ಬೆರೆಸಿತು. ಥಾಯ್ಲೆಂಡ್ 2002ರಲ್ಲಿ ಸಾರ್ವತ್ರಿಕ ರಕ್ಷಣೆ ತಂದಾಗ ಜಿಲ್ಲಾ ಜಾಲಗಳಿಗೆ ತಲೆಲೆಕ್ಕದಲ್ಲಿ ಹಣ ಕೊಟ್ಟಿತು. ಬ್ರೆಜಿಲ್ 1994ರಿಂದ ವೈದ್ಯ, ನರ್ಸ್, ಸಮುದಾಯ ಕಾರ್ಯಕರ್ತರ ತಂಡಗಳಿಗೆ ನಿರ್ದಿಷ್ಟ ಪ್ರದೇಶದ ಕುಟುಂಬಗಳನ್ನು ವಹಿಸಿತು.

ತಲೆಲೆಕ್ಕ ಭಾರತಕ್ಕೂ ಅಪರಿಚಿತವಲ್ಲ. 1948ರ ಇಎಸ್‌ಐ ಕಾಯ್ದೆಯಡಿ ಕೆಲವು ರಾಜ್ಯಗಳಲ್ಲಿ ಖಾಸಗಿ ‘ಪ್ಯಾನೆಲ್ ಡಾಕ್ಟರು’ಗಳಿಗೆ, ಹೆಸರು ಬರೆಸಿದ ಕಾರ್ಮಿಕರ ಸಂಖ್ಯೆಗೆ ತಕ್ಕಂತೆ ಹಣ ಕೊಡುವ ಪದ್ಧತಿ ನಡೆದಿದೆ. ಆಂಧ್ರಪ್ರದೇಶ 2023ರಲ್ಲಿ ‘ಫ್ಯಾಮಿಲಿ ಡಾಕ್ಟರ್’ ಹೆಸರಿನಲ್ಲಿ ವೈದ್ಯರು ಹಳ್ಳಿಗಳಿಗೆ ಗೊತ್ತಾದ ದಿನ ಹೋಗುವ ಕಾರ್ಯಕ್ರಮ ಆರಂಭಿಸಿತು. ಕೇರಳ 2017ರ ಆರ್ದ್ರಂ ಯೋಜನೆಯಡಿ ಪ್ರಾಥಮಿಕ ಕೇಂದ್ರಗಳನ್ನು ಕುಟುಂಬ ಆರೋಗ್ಯ ಕೇಂದ್ರಗಳಾಗಿ ಬದಲಿಸತೊಡಗಿತು. ಕರ್ನಾಟಕದಲ್ಲಿ 2022ರ ಡಿಸೆಂಬರ್‌ನಲ್ಲಿ ನಮ್ಮ ಕ್ಲಿನಿಕ್‌ಗಳು ಬಂದವು, 2024ರಲ್ಲಿ ಮನೆಮನೆಗೆ ಹೋಗಿ ಶುಗರ್, ಬಿಪಿ ಪತ್ತೆ ಮಾಡುವ ಗೃಹ ಆರೋಗ್ಯ ಬಂದಿತು. ಪತ್ತೆ ಮಾಡುವುದು ಅರ್ಧ ಕೆಲಸ. ಪತ್ತೆಯಾದವರನ್ನು ಮುಂದಿನ ಇಪ್ಪತ್ತು ವರ್ಷ ನೋಡುವವರು ಯಾರು ಎಂಬುದು ಉಳಿದರ್ಧ.

ಲೆಕ್ಕಕ್ಕೆ ಒಂದು ಉದಾಹರಣೆ ತೆಗೆದುಕೊಳ್ಳಬಹುದು. 10,000 ಜನರಿಗೆ ಒಂದು ಕುಟುಂಬ ವೈದ್ಯ ತಂಡ, ತಲೆಗೆ ತಿಂಗಳಿಗೆ 30 ರೂಪಾಯಿ ಎಂದುಕೊಂಡರೆ ತಂಡಕ್ಕೆ ವರ್ಷಕ್ಕೆ 36 ಲಕ್ಷ ರೂಪಾಯಿ ಸಿಗುತ್ತದೆ. 2011ರ ಜನಸಂಖ್ಯೆಗೆ ಇಡೀ ರಾಯಚೂರು ಜಿಲ್ಲೆಯ ಬಾಬ್ತು ಸುಮಾರು 70 ಕೋಟಿ. ಏಳು ಜಿಲ್ಲೆಗಳ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023-24ರ ಬಜೆಟ್‌ನಲ್ಲಿ ಘೋಷಿಸಿದ ಮೊತ್ತ 5,000 ಕೋಟಿ. ಅದರ ಎದುರು ಇದು ಶೇ ಒಂದೂವರೆಯನ್ನೂ ಮುಟ್ಟುವುದಿಲ್ಲ. ಜನಸಂಖ್ಯೆ ಬೆಳೆದಿದೆ, ಔಷಧಿ ಖರ್ಚು ಬೇರೆ ಬರುತ್ತದೆ, ನಿಜವಾದ ಅಂಕಿ ಇದಕ್ಕಿಂತ ದೊಡ್ಡದಾದೀತು. ಆದರೆ ಹಣವೇ ಇಲ್ಲವೆಂಬ ಮಾತಿಗೆ ಆಧಾರ ಸಾಲದು. ಮಂಡಳಿಯ ಹಣ ಹೆಚ್ಚಾಗಿ ಕಾಮಗಾರಿಗಳ ಹಣ. ಕಟ್ಟಡಕ್ಕೆ ಉದ್ಘಾಟನೆಯ ಕಲ್ಲು ಹಾಕಬಹುದು, ವೈದ್ಯರ ಹತ್ತನೇ ವರ್ಷದ ಸೇವೆಗೆ ಹಾಕಲಾಗದು.

ತರಬೇತಿ ಮತ್ತು ನೆಲೆ

ಎಂಬಿಬಿಎಸ್ ಮುಗಿಸಿದವರು ತಾವಾಗಿಯೇ ಕುಟುಂಬ ವೈದ್ಯರಾಗುವುದಿಲ್ಲ. ಅವರು ಕಲಿತದ್ದು ದೊಡ್ಡಾಸ್ಪತ್ರೆಯಲ್ಲಿ, ತಜ್ಞರ ಕೈಕೆಳಗೆ. ಕುಟುಂಬ ವೈದ್ಯಶಾಸ್ತ್ರದ ಅಗತ್ಯವನ್ನು 2002ರ ಆರೋಗ್ಯ ನೀತಿಯೇ ಹೇಳಿತ್ತು. ಆ ವಿಷಯದಲ್ಲಿ ಮೂರು ವರ್ಷದ ಡಿಎನ್‌ಬಿ, ಎರಡು ವರ್ಷದ ಡಿಪ್ಲೊಮಾ ಇವೆ. ವೆಲ್ಲೂರಿನ ಸಿಎಂಸಿ ದೂರಶಿಕ್ಷಣದಲ್ಲೂ ಕಲಿಸುತ್ತದೆ. ತಾಲ್ಲೂಕು ಆಸ್ಪತ್ರೆಯೇ ಇದಕ್ಕೆ ಒಳ್ಳೆಯ ಪಾಠಶಾಲೆ: ಹೆರಿಗೆ, ಹಾವುಕಡಿತ, ಕೀಟನಾಶಕದ ವಿಷ, ಮಕ್ಕಳ ಅಪೌಷ್ಟಿಕತೆ, ಕ್ಷಯ, ಶುಗರ್ ಎಲ್ಲವೂ ಒಂದೇ ಸೂರಿನಡಿ ಬರುತ್ತವೆ. ರಿಮ್ಸ್‌ನ ಜೊತೆಗೂಡಿಸಿ ಮಾನ್ವಿ, ದೇವದುರ್ಗಗಳಲ್ಲಿ ಇಂಥ ಸೀಟುಗಳನ್ನು ತೆರೆದರೆ ಕಲಿಯುವವರೂ ಸಿಗುತ್ತಾರೆ, ಕಲಿಯುವ ಅವಧಿಯಲ್ಲೇ ಸೇವೆಯೂ ಸಿಗುತ್ತದೆ.

ಸಂವಿಧಾನದ 371(ಜೆ) ವಿಧಿಯಡಿ ಈ ಭಾಗದ ವೈದ್ಯಕೀಯ ಕಾಲೇಜುಗಳಲ್ಲಿ ಸ್ಥಳೀಯರಿಗೆ ಸೀಟು ಮೀಸಲಿವೆ. ಇದೇ ಸೀಮೆಯ ಮಾತು, ಬೇಸಿಗೆ, ಗುಳೆಯ ಹಂಗಾಮು ಬಲ್ಲ ಮಕ್ಕಳು ವೈದ್ಯರಾಗುತ್ತಿದ್ದಾರೆ. ಅವರು ಊರಲ್ಲಿ ಉಳಿಯಲು ಸಂಬಳ ಒಂದೇ ಸಾಲದು. ವಾಸಯೋಗ್ಯ ಕ್ವಾರ್ಟರ್ಸ್, ಮಕ್ಕಳಿಗೆ ಶಾಲೆ, ರಾತ್ರಿ ಪಾಳಿಗೆ ರಕ್ಷಣೆ, ರಜೆ ಹಾಕಿದರೆ ಬದಲಿ ವೈದ್ಯರು, ತಜ್ಞರಿಗೆ ಸಮನಾದ ಬಡ್ತಿ ಬೇಕು. ಮಹಿಳಾ ವೈದ್ಯರ ವಿಷಯದಲ್ಲಿ ಇವು ಇನ್ನೂ ಮುಖ್ಯ. ಹೆಣ್ಣುಮಕ್ಕಳು ಬಾಯಿಬಿಟ್ಟು ಹೇಳದ ಬೇನೆಗಳು ಹೊರಬರುವುದು ಅವರ ಮುಂದೆ.

ಆಕ್ಷೇಪಗಳು ಮತ್ತು ಮಿತಿಗಳು

ಹಳ್ಳಿಗೆ ವೈದ್ಯರೇ ಬರದಿರುವಾಗ ಫೋನಿನಲ್ಲಿ ಚಿಕಿತ್ಸೆ ಸಾಲದೇ ಎಂಬ ವಾದವಿದೆ. ಇ-ಸಂಜೀವಿನಿಯಂಥ ದೂರವೈದ್ಯ ಸೇವೆ ಸಮುದಾಯ ಆರೋಗ್ಯ ಅಧಿಕಾರಿಗೆ ತಜ್ಞರ ಸಲಹೆ ತಂದುಕೊಡುತ್ತದೆ, ಅದು ಉಪಯುಕ್ತ. ಆದರೆ ಹೊಟ್ಟೆ ಮುಟ್ಟಿ ನೋಡಲು, ಮನೆಯ ಕಷ್ಟ ಕೇಳಲು ಎದುರಿಗೆ ಒಬ್ಬರು ಇರಲೇಬೇಕು. ಗುಳೆ ಹೋಗುವ ಕುಟುಂಬಗಳಿಗೆ ಒಂದೇ ವೈದ್ಯರು ಹೇಗೆ ಸಾಧ್ಯ ಎಂಬುದು ಗಟ್ಟಿಯಾದ ಆಕ್ಷೇಪ. ದೇವದುರ್ಗದಿಂದ ಬೆಂಗಳೂರು, ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಹೋದವರು ವರ್ಷದಲ್ಲಿ ಕೆಲವೇ ತಿಂಗಳು ಊರಲ್ಲಿರುತ್ತಾರೆ. ಅವರಿಗೆ ಕೈಯಲ್ಲಿ ಒಯ್ಯುವ ದಾಖಲೆ, ಮೂರು ತಿಂಗಳ ಗುಳಿಗೆ ಒಟ್ಟಿಗೆ ಕೊಡುವ ಏರ್ಪಾಡು, ಊರಿನ ವೈದ್ಯರಿಗೆ ಫೋನ್ ಮಾಡುವ ಅನುಕೂಲ ಬೇಕು. ತಲೆಲೆಕ್ಕದ ಹಣ ಪಡೆದು ಸೇವೆ ಕೊಡದಿದ್ದರೆ ಎಂಬ ಭಯಕ್ಕೆ ಮದ್ದು, ವೈದ್ಯರನ್ನು ಬದಲಿಸುವ ಹಕ್ಕು ಕುಟುಂಬಕ್ಕೆ ಇರುವುದು ಮತ್ತು ಗ್ರಾಮಸಭೆಯ ಮುಂದೆ ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸುವುದು. ಇನ್ನು, ಶುದ್ಧ ನೀರು, ಹೊಟ್ಟೆತುಂಬ ಊಟ, ರಸ್ತೆ ಇವು ಯಾವ ವೈದ್ಯರ ಕೈಯಲ್ಲೂ ಇಲ್ಲ. ಅವುಗಳ ಕೊರತೆಯನ್ನು ಚಿಕಿತ್ಸೆಯಿಂದ ತುಂಬಲಾಗದು.

ಒಟ್ಟಾರೆ ನಿಲುವು

ಕುಟುಂಬ ವೈದ್ಯರ ಮೌಲ್ಯದ ಬಗ್ಗೆ ಪುರಾವೆಯಲ್ಲಿ ಗೊಂದಲವಿಲ್ಲ, ನೀತಿಪತ್ರಗಳಲ್ಲಿ ಭಿನ್ನಮತವಿಲ್ಲ. 1946ರಿಂದ 2017ರವರೆಗಿನ ಸಮಿತಿಗಳು, ನೀತಿಗಳು ಹೇಳಿದ್ದರ ತಿರುಳು ಒಂದೇ. ಕೊರತೆಯಿರುವುದು ಪಾವತಿಯ ವ್ಯವಸ್ಥೆಯಲ್ಲಿ. ಶಕ್ತಿನಗರದ ಕಾಲೋನಿಗೆ ನಿಗಮ ಮಾಡಿದ್ದನ್ನು ದೇವದುರ್ಗ, ಮಾನ್ವಿಗಳ ಹಳ್ಳಿಗೆ ಸರ್ಕಾರ ಮಾಡಬೇಕಿದೆ: ಪ್ರತಿ ಕುಟುಂಬದ ಹೆಸರು ಒಬ್ಬ ವೈದ್ಯರ ಪಟ್ಟಿಯಲ್ಲಿರಬೇಕು, ಆ ಪಟ್ಟಿಯ ಬೆನ್ನಿಗೆ ಹಣವಿರಬೇಕು, ವೈದ್ಯರು ಕನಿಷ್ಠ ಐದು ವರ್ಷ ಅಲ್ಲೇ ಇರುವಂತೆ ಸೇವಾ ನಿಯಮವಿರಬೇಕು. ಇಡೀ ರಾಜ್ಯಕ್ಕೆ ಒಮ್ಮೆಲೇ ಆಗದಿದ್ದರೆ ಒಂದು ತಾಲ್ಲೂಕಿನಲ್ಲಿ ಶುರುವಾಗಲಿ. ಅದು ದೇವದುರ್ಗವೇ ಆಗಲಿ.